ಎಳ್ಳು ಬೆರೆಸುವ ಮೊದಲಿನ ಜಗಳ

ನಾನು ಮತ್ತು ನನ್ನ ಗೆಳತಿ ಇಪ್ಪತ್ತು ವರ್ಷ ಬಹಳ ಚೆನ್ನಾಗಿ ಜಗಳವಾಡಿದೆವು. ಹೀಗೆಂದರೆ ಜನ ನಗುತ್ತಾರೆ. ನಗಲಿ. ಈ ದೇಶದಲ್ಲಿ ನನಗೆ ಸಿಕ್ಕ ದೊಡ್ಡ ಸುಖಗಳಲ್ಲಿ ಅದೂ ಒಂದು, ಈಗ ಅದಿಲ್ಲ. ಯಾಕಿಲ್ಲ ಎಂದು ಬರೆದು ನೋಡುತ್ತೇನೆ, ಸಂಕಟ ಸ್ವಲ್ಪ ಇಳಿದರೂ ಇಳಿದೀತು.

ಪರಿಚಯವಾದದ್ದೂ ಜಗಳದಿಂದಲೇ. ಆಗ ಇಬ್ಬರೂ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಒಂದು ಶನಿವಾರ ಕೆಳಗಿನ ಲಾಂಡ್ರಿ ರೂಮಿಗೆ ಹೋದರೆ, ಡ್ರೈಯರಿನಲ್ಲಿದ್ದ ನನ್ನ ಬಟ್ಟೆಯನ್ನು ಯಾರೋ ತೆಗೆದು ಮೇಜಿನ ಮೇಲೆ ರಾಶಿ ಹಾಕಿದ್ದರು. "ಎಂಥಾ ಹೆಂಗಸಪ್ಪಾ ಇವಳು" ಎಂದು ನನ್ನಷ್ಟಕ್ಕೆ ಗೊಣಗಿದೆ. ಮಷೀನಿನ ಆಚೆಯಿಂದ ಕನ್ನಡದಲ್ಲೇ ಉತ್ತರ ಬಂತು: "ಮಂಡ್ಯದ ಹೆಂಗ್ಸು. ಅರ್ಧ ಗಂಟೆ ಕಾದೆ. ತೆಗೆಯೋಕೆ ಮುಹೂರ್ತ ಇಡಿಸ್ಬೇಕಿತ್ತಾ?"

ಅವಳು ಮಂಡ್ಯದ ಹತ್ತಿರದ ಹಳ್ಳಿಯವಳು, ಮಕ್ಕಳ ಡಾಕ್ಟರು. ನಾನು ಮೈಸೂರಿನವಳು, ಇಂಜಿನಿಯರು; ಸ್ಯಾನ್ ಮಟಿಯೋದ ಆಫೀಸಿಗೆ ಫ್ರೀವೇಯಲ್ಲಿ ಹೋಗಿ ಬಂದೇ ಅರ್ಧ ಆಯಸ್ಸು ಸವೆಸಿದವಳು. ಮುಂದೆ ಇಬ್ಬರೂ ಅದೇ ಊರಿನ ಎವರ್‌ಗ್ರೀನ್‌ನಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿ ಮನೆ ಮಾಡಿದೆವು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ನನಗೊಬ್ಬ ಮಗ. ನನಗೆ ಆಪರೇಷನ್ ಆದಾಗ ನನ್ನ ತಲೆ ಬಾಚಿ ಜಡೆ ಹಾಕಿದವಳು ಅವಳು. ಅವಳ ಚಿಕ್ಕ ಮಗಳಿಗೆ ಗಣಿತ ಹತ್ತದೆ ಅಳುತ್ತಿದ್ದಾಗ, ವಾರವಾರವೂ ನಮ್ಮ ಊಟದ ಟೇಬಲ್ಲಿನಲ್ಲಿ ಕೂರಿಸಿಕೊಂಡು ಹೇಳಿಕೊಟ್ಟವಳು ನಾನು. ಇದಿಷ್ಟು ಇದ್ದುದರಿಂದಲೇ ಜಗಳಕ್ಕೆ ಧೈರ್ಯವಿತ್ತು.

ಅಮೆರಿಕದ ಪ್ರಜೆಗಳಾದ ಮೇಲೆ ಮೊದಲ ಚುನಾವಣೆಯಲ್ಲಿ ಇಬ್ಬರೂ ಒಂದೇ ಪಕ್ಷಕ್ಕೆ ವೋಟು ಹಾಕಿದೆವು. ಆಗ ಇಲ್ಲಿಗೆ ಬಂದ ನಮ್ಮವರೆಲ್ಲ ಎಡದ ಪಕ್ಷಕ್ಕೇ ಹಾಕುತ್ತಿದ್ದರು, ಊರಿನಲ್ಲಿ ಎಲ್ಲರೂ ಒಂದೇ ಅಂಗಡಿಯ ಕಾಫಿಪುಡಿ ತರುವ ಹಾಗೆ. ಆಮೇಲೆ ನಾನು ಬಲಕ್ಕೆ ಸರಿದೆ. "ನಾನು ನಿಂತಲ್ಲೇ ಇದ್ದೇನೆ, ಅವರೇ ದೂರ ಹೋದರು" ಎನ್ನುವುದು ಇಲ್ಲಿ ನನ್ನಂಥವರ ರೂಢಿಯ ಮಾತು. ನಾನು ಹಾಗೆ ಹೇಳುವುದಿಲ್ಲ. ನಾನೂ ಸರಿದೆ, ಗೊತ್ತಿದ್ದೇ ಸರಿದೆ. ತಪ್ಪು ಮಾಡಿದವನಿಗೆ ಶಿಕ್ಷೆಯಾಗಬೇಕು, ಶಾಲೆ ಮೊದಲು ಓದಿಸಬೇಕು, ಮನೆಯನ್ನು ಅಪ್ಪ ಅಮ್ಮ ನಡೆಸಬೇಕು, ಸರ್ಕಾರ ಎಲ್ಲದಕ್ಕೂ ಕೈ ಹಾಕಬಾರದು. ನನ್ನ ರಾಜಕೀಯ ಇಷ್ಟೇ. ಮೈಸೂರಿನಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಇಲ್ಲಿ ಇದಕ್ಕೆ ಕನ್ಸರ್ವೇಟಿವ್ ಎನ್ನುತ್ತಾರೆ, ಅದೂ ದನಿ ತಗ್ಗಿಸಿ, ಮನೆಯಲ್ಲಿ ಯಾರಿಗೋ ಕಾಯಿಲೆ ಇದೆ ಎಂಬಂತೆ.

ಅವಳು ಎಡದಲ್ಲೇ ಉಳಿದಳು. ನಮ್ಮ ಜಗಳಕ್ಕೆ ವರ್ಷವಿಡೀ ಬಿಡುವಿರಲಿಲ್ಲ, ಆದರೆ ಅದರ ಜಾತ್ರೆ ಮಾತ್ರ ಸಂಕ್ರಾಂತಿಗೆ.

ಸಂಕ್ರಾಂತಿಗೆ ನಮ್ಮ ಕಡೆ ಎಳ್ಳು ಬೀರುತ್ತೇವೆ. ಬಿಳಿ ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಸಣ್ಣಗೆ ಕತ್ತರಿಸಿದ ಕೊಬ್ಬರಿ, ಸಣ್ಣಗೆ ಕತ್ತರಿಸಿದ ಬೆಲ್ಲ, ಎಲ್ಲ ಬೆರೆಸಿ ಮನೆಮನೆಗೆ ಕೊಟ್ಟು "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಎನ್ನುವುದು ಪದ್ಧತಿ. ಗ್ರೋಸರಿ ಅಂಗಡಿಯಲ್ಲಿ ಬೆರೆಸಿದ ಪ್ಯಾಕೆಟ್ಟೇ ಸಿಗುತ್ತದೆ. ಅದನ್ನು ಕೊಳ್ಳುವುದು ನಮ್ಮಿಬ್ಬರಿಗೂ ಅವಮಾನ. "ಅದೇನ್ ಎಳ್ಳಾ? ಮಷೀನಲ್ಲಿ ಕೊಯ್ದಿರೋದು, ಎಲ್ಲಾ ಒಂದೇ ಅಳತೆ. ಕೈಯಲ್ಲಿ ಕೊಯ್ದಿದ್ರೆ ಒಂದು ದಪ್ಪ ಒಂದು ಸಣ್ಣ ಇರ್ಬೇಕು" ಎಂದು ಅವಳು ಮೂಗು ಮುರಿಯುತ್ತಿದ್ದಳು.

ಕೆಲಸವನ್ನು ಹಂಚಿಕೊಂಡಿದ್ದೆವು. ಕೊಬ್ಬರಿ ನನ್ನದು, ಬೆಲ್ಲ ಅವಳದು. "ಬೆಲ್ಲ ಮುಟ್ಟೋ ಯೋಗ್ಯತೆ ಮೈಸೂರೋರಿಗಿಲ್ಲ, ನೀನು ಕೊಬ್ರಿ ಕೊಯ್ಕೊಂಡು ಕೂತ್ಕೋ" ಎನ್ನುತ್ತಿದ್ದಳು. ಊರಿಂದ ತಂದ ಅಡಕೆ ಕತ್ತರಿ ಅವಳ ಕೈಯಲ್ಲಿ ಆಡುತ್ತಿತ್ತು. ಕತ್ತರಿಸಿದ ಬೆಲ್ಲವನ್ನು ಒಣಗಿಸುವುದೇ ಇಲ್ಲಿ ಕಷ್ಟ. ಜನವರಿಯಲ್ಲಿ ಬೆಳಗಿನ ಹೊತ್ತು ಮಂಜು, ಇಲ್ಲವೇ ಮಳೆ. ಬೆಲ್ಲ ಬೆವರಿ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ಅದಕ್ಕೆ ಅವಳು ಕಂಡುಕೊಂಡ ಉಪಾಯ ಕಾರು. ಅಗಲವಾದ ಬಿಸ್ಕತ್ತಿನ ಡಬ್ಬಿಯಲ್ಲಿ ಬೆಲ್ಲದ ಚೂರು ಹರಡಿ, ಹಿಂದಿನ ಗಾಜಿನ ಕೆಳಗೆ ಇಟ್ಟುಕೊಂಡು ಊರೆಲ್ಲ ತಿರುಗುತ್ತಿದ್ದಳು. ಎಲ್ಲಿ ನಿಲ್ಲಿಸಿದರೂ ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸುವಳು. ಸಂಕ್ರಾಂತಿಯ ತಿಂಗಳು ಅವಳ ಕಾರಿನ ಬಾಗಿಲು ತೆಗೆದರೆ ಆಲೆಮನೆಯ ವಾಸನೆ.

ಬೆರೆಸುವುದು ನಮ್ಮ ಮನೆಯ ಹಾಲಿನಲ್ಲಿ, ಬಿಳಿ ಬೆಡ್‌ಶೀಟಿನ ಮೇಲೆ. ಒಂದು ವರ್ಷ ಎಳ್ಳು ಬಾಯಿಗೆ ಹಾಕಿಕೊಂಡ ಮೇಲೂ ಯಾವುದೋ ತೆರಿಗೆಯ ವಿಷಯಕ್ಕೆ ಕೂಗಾಡಿದ್ದೆವು. ಆಗ ಅವಳೇ ಕಾನೂನು ಮಾಡಿದಳು. "ಎಳ್ಳು ತಿಂದ ಬಾಯಲ್ಲಿ ಜಗಳ ಆಡ್ಬಾರ್ದು ಕಣೇ. ಇನ್ಮೇಲೆ ಏನೇ ಇದ್ರೂ ಬೆರೆಸೋಕೆ ಮುಂಚೆನೇ ಮುಗಿಸ್ಕೋಬೇಕು." ಅಂದಿನಿಂದ ಕೊಬ್ಬರಿ ಒಂದು ಕಡೆ, ಬೆಲ್ಲ ಒಂದು ಕಡೆ ರಾಶಿ ಹಾಕಿಕೊಂಡು, ಮಧ್ಯೆ ಕೂತು, ವರ್ಷದ ಬಾಕಿಯನ್ನೆಲ್ಲ ತೀರಿಸುತ್ತಿದ್ದೆವು. ಪೊಲೀಸರು, ತೆರಿಗೆ, ಗಡಿ, ಗರ್ಭಪಾತ, ಇಂಡಿಯಾದ ಚುನಾವಣೆ. ನನ್ನ ಯಜಮಾನರು "ನಿಮ್ಮ ಪಾರ್ಲಿಮೆಂಟು ಮುಗಿದ ಮೇಲೆ ಕರೀರಿ" ಎಂದು ಗರಾಜಿಗೆ ಹೋಗಿ ಕೂರುತ್ತಿದ್ದರು. ಸಾಕು ಎನಿಸಿ ನಾನು ಕೊಬ್ಬರಿಗೆ ಕೈ ಹಾಕಿದರೆ ಅವಳು ನನ್ನ ಮುಂಗೈ ಹಿಡಿಯುತ್ತಿದ್ದಳು: "ತಡಿ ತಡಿ, ಬೆರೆಸ್ಬೇಡ. ಇನ್ನೊಂದು ಬಾಕಿ ಐತೆ."

ಸಿಟ್ಟು ಬಂದರೆ ಅವಳ ಬಾಯಲ್ಲಿ ಮಂಡ್ಯ ಬರುತ್ತಿತ್ತು. "ಸುಮ್ಕಿರವ್ವ, ಕಂಡಿದೀನಿ ನಿನ್ ಪಾರ್ಟಿಯೋರ್ನ. ನಾಳೆ ನೀನು ಸೀರೆ ಉಟ್ಕೊಂಡ್ ಓಗಿ ಅವರ್ ಪಕ್ಕ ನಿಂತ್ರೆ, ಎಲ್ಲಿಂದ ಬಂದ್ಯೋ ಅಲ್ಗೇ ಓಗು ಅಂತಾರೆ." ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವಳಿಗೂ ಅದು ಗೊತ್ತಿತ್ತು. ಗೆದ್ದಾಗ ಒಂದು ಚೂರು ಬೆಲ್ಲ ನನ್ನ ಬಾಯಿಗಿಟ್ಟು, "ತಗೋ, ಸಮಾಧಾನ" ಎನ್ನುವಳು.

ಒಂದು ಜನವರಿಯಲ್ಲಿ ಇಬ್ಬರೂ ಇಂಡಿಯಾದ ವೀಸಾ ಕೆಲಸಕ್ಕೆ ಸಿಟಿಗೆ ಹೋಗಿದ್ದೆವು. ಸಿಟಿ ಎಂದರೆ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋ. ಅವಳ ಕಾರು, ಹಿಂದಿನ ಗಾಜಿನ ಕೆಳಗೆ ಬೆಲ್ಲದ ಡಬ್ಬಿ. ಕೆಲಸ ಮುಗಿಸಿ ಬರುವಷ್ಟರಲ್ಲಿ ಗಾಜು ಪುಡಿಪುಡಿ, ಡಬ್ಬಿ ಮಾಯ. ಸೀಟಿನ ಮೇಲೆ ಅವಳ ಕೋಟು ಹಾಗೇ ಇತ್ತು. ಪೊಲೀಸರಿಗೆ ಫೋನು ಮಾಡಿದರೆ, ಆನ್‌ಲೈನಿನಲ್ಲಿ ದೂರು ಬರೆಯಿರಿ ಎಂದು ನಯವಾಗಿ ಹೇಳಿ ಇಟ್ಟರು. ನನ್ನ ಮೈಯೆಲ್ಲ ಉರಿಯಿತು. ನೀವು ಎಡದವರು ಕದ್ದವನನ್ನು ಹಿಡಿಯುವುದಿಲ್ಲ, ಹಿಡಿದರೂ ಬಿಡುತ್ತೀರಿ, ಕೇಳಿದರೆ ಅವನ ಬಡತನದ ಕಥೆ ಹೇಳುತ್ತೀರಿ, ಬಡವರೆಲ್ಲ ಕಳ್ಳರೇನು, ಅದು ಬಡವರಿಗೆ ಮಾಡುವ ಅವಮಾನವಲ್ಲವೇ ಎಂದು ಫುಟ್‌ಪಾತಿನಲ್ಲೇ ಶುರು ಮಾಡಿದೆ. ಅವಳು ಗಾಜಿನ ಚೂರುಗಳನ್ನು ಕೋಟಿನಿಂದ ಕೊಡವುತ್ತ ಹೇಳಿದಳು: "ನನ್ ಗಾಜು, ನನ್ ಬೆಲ್ಲ. ನಾನೇ ಬೈತಿಲ್ಲ, ನಿಂದೇನೇ?"

"ನಿನ್ನಂಥೋರಿಂದಾನೇ ಈ ಊರು ಹಾಳಾಗಿದ್ದು."

"ಆಗ್ಲಿ. ಅವನು ಡಬ್ಬಿ ತೆಗ್ದು ನೋಡ್ದಾಗ ಅವನ್ ಮುಖ ನೆನೆಸ್ಕೋ."

ನೆನೆಸಿಕೊಂಡೆವು. ಆ ಕಳ್ಳ ಎಲ್ಲೋ ಮೂಲೆಯಲ್ಲಿ ಕೂತು, ಲ್ಯಾಪ್‌ಟಾಪೋ ಕ್ಯಾಮೆರಾವೋ ಎಂದು ಡಬ್ಬಿ ಬಿಚ್ಚಿ, ಕಂದು ಬಣ್ಣದ ಚೂರುಗಳನ್ನು ಮೂಸಿ ನೋಡುತ್ತಿದ್ದಾನೆ. ಒಡೆದ ಗಾಜಿನ ಕಾರಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. "ಅವನಿಗೂ ಹಬ್ಬ ಆಯ್ತು ಬಿಡು" ಎಂದಳು. ಮನೆ ಮುಟ್ಟುವ ತನಕ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ನಾವು ಗಾಳಿಗಿಂತ ಜೋರಾಗಿ ಕೂಗಿಕೊಂಡು ಜಗಳವಾಡುತ್ತಿದ್ದೆವು. ಅಂಥ ಸಂತೋಷ ನನಗೆ ಮತ್ತೆ ಸಿಕ್ಕಿಲ್ಲ.

ಆ ಕಾಲದ ಎಡದವರ ಬಗ್ಗೆ ನನಗೆ ಗೌರವವಿತ್ತು. ಆಫೀಸಿನ ನೆಲ ಒರೆಸುವವಳ ಸಂಬಳ ಹೆಚ್ಚಾಗಬೇಕು ಎಂದು ವಾದಿಸುತ್ತಿದ್ದರು, ಮೈಮೇಲೆ ಬಿದ್ದು ವಾದಿಸುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ, ಕೆಲವೊಮ್ಮೆ ಒಪ್ಪುತ್ತಲೂ ಇದ್ದೆ. ಆಮೇಲೆ ಏನಾಯಿತೋ, ಸಂಬಳದ ಮಾತು ಹಿಂದಾಗಿ ಪದಗಳ ಮಾತು ಮುಂದಾಯಿತು. ಯಾವ ಪದ ನೋಯಿಸುತ್ತದೆ, ಯಾವ ಪದ ಹಳೆಯದಾಯಿತು, ಯಾರು ಏನು ಹೇಳಬಾರದು. ನಮ್ಮ ಆಫೀಸಿನಲ್ಲಿ ಪ್ರತಿ ದೊಡ್ಡ ಮೀಟಿಂಗಿನ ಮೊದಲು, ಈ ನೆಲ ಇಂಥ ಮೂಲನಿವಾಸಿಗಳದು ಎಂದು ಒಬ್ಬರು ಗಂಭೀರವಾಗಿ ಓದುವ ಪದ್ಧತಿ ಬಂತು. "ಅವರದು ಅಂತ ಗೊತ್ತಿದ್ದ ಮೇಲೆ ವಾಪಸ್ಸು ಕೊಡೋದು ಯಾವಾಗ?" ಎಂದು ನಾನು ಕೇಳಿದೆ. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಮರುದಿನ ಮ್ಯಾನೇಜರು ಕರೆದು, ಕೆಲವರಿಗೆ ಅನ್‌ಸೇಫ್ ಅನಿಸಿದೆ ಎಂದರು. ಎಲ್ಲರ ನೆಲವೂ ಹಾಗೇ ಇತ್ತು, ಓದುವುದೂ ಹಾಗೇ ನಡೆಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಇದನ್ನು ಗೆಳತಿಗೆ ಹೇಳಿದಾಗ ಅವಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನ್ ಬಾಯಿಗೆ ಬೀಗ ಹಾಕ್ಬೇಕು" ಎಂದಳು. ಅವಳು ನಗುತ್ತಿದ್ದಷ್ಟು ಕಾಲ ನನಗೆ ಈ ಊರಿನಲ್ಲಿ ಯಾವ ಭಯವೂ ಇರಲಿಲ್ಲ.

ಭಯ ಕಾಣಿಸಿದ್ದು ಕೋವಿಡ್ ಕಾಲದಲ್ಲಿ, ಅದೂ ಅವಳ ಮುಖದಲ್ಲಿ. ಶಾಲೆಗಳು ಮುಚ್ಚಿ ತಿಂಗಳುಗಟ್ಟಲೆ ಆಗಿತ್ತು. ಅವಳ ಹಿತ್ತಲಿನಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು ಕೂತಿದ್ದೆವು. ನಾನು ಹೇಳಿದೆ, ಈ ಶಾಲೆ ತೆಗೆಯಬೇಕು, ಕಂಪ್ಯೂಟರ್ ಮುಂದೆ ಕೂರಿಸಿ ಮಕ್ಕಳನ್ನು ಹಾಳು ಮಾಡುತ್ತಿದ್ದಾರೆ, ನಮ್ಮ ಪಕ್ಷದವರು ಹೇಳುವುದು ಈ ವಿಷಯದಲ್ಲಿ ಸರಿ. ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಸರಿ ಕಣೇ. ಕ್ಲಿನಿಕ್ಕಲ್ಲಿ ದಿನಾ ನೋಡ್ತಿದೀನಿ, ಮಕ್ಕಳು ಬಾಡಿ ಹೋಗಿವೆ."

"ಡಾಕ್ಟರು ನೀನು. ಬರೆದು ಹೇಳು. ನಿನ್ನ ಮಾತು ಕೇಳ್ತಾರೆ."

"ಹೇಳಿದ್ರೆ ನಾನೂ ಆ ಕಡೆಯೋಳು ಅಂತಾರೆ."

"ಅಂದ್ರೆ ಅನ್ಲಿ!"

"ನಿಂಗೆ ಗೊತ್ತಾಗಲ್ಲ. ನಂಗೆ ಇಲ್ಲಿರೋರು ಅವರೇ" ಎಂದಳು.

ಡ್ರೈಯರಿನಿಂದ ಯಾರದೋ ಬಟ್ಟೆ ತೆಗೆದು ರಾಶಿ ಹಾಕಿದವಳು, ಆಸ್ಪತ್ರೆಯಲ್ಲಿ ಹಿರಿಯ ಸರ್ಜನ್ನಿಗೆ ಎಲ್ಲರೆದುರು ನೀರಿಳಿಸಿದವಳು, ಸುತ್ತ ನೋಡಿ ಮಾತಾಡುತ್ತಿದ್ದಳು. ನಾನು ಎಡದವರ ಮೇಲೆ ಹೊರಿಸುವ ದೊಡ್ಡ ತಪ್ಪು ಇದು. ತೆರಿಗೆಯಲ್ಲ, ಗಡಿಯಲ್ಲ, ಅದೆಲ್ಲ ವಾದಕ್ಕೆ ಬಿಟ್ಟದ್ದು. ಒಳ್ಳೆಯವರನ್ನು ಒಳ್ಳೆಯವರ ಭಯದಲ್ಲಿ ಇಟ್ಟರಲ್ಲ, ಅದು. ಹೊರಗಿನ ಶತ್ರುವಿಗೆ ಅವಳು ಎಂದೂ ಹೆದರಿದವಳಲ್ಲ. ತನ್ನವರು ಒಂದು ಹೆಜ್ಜೆ ದೂರ ಸರಿದಾರು ಎಂದು ಹೆದರಿದಳು.

ಅದಾದ ಮೇಲೆ ಗಣಿತದ ಪ್ರಕರಣ ಬಂತು. ನಮ್ಮ ಕಡೆಯ ಶಾಲೆಗಳಲ್ಲಿ ಎಂಟನೇ ತರಗತಿಗೆ ಆಲ್ಜೀಬ್ರಾ ಕ್ಲಾಸು ಇತ್ತು, ಚುರುಕಾದ ಮಕ್ಕಳಿಗೆ. ಅದರಲ್ಲಿ ಕೆಲವು ಜನಾಂಗದ ಮಕ್ಕಳು ಹೆಚ್ಚು, ಕೆಲವರು ಕಡಿಮೆ, ಇದು ಸಮಾನತೆಯಲ್ಲ, ಆದ್ದರಿಂದ ಆ ಕ್ಲಾಸನ್ನೇ ತೆಗೆಯೋಣ ಎಂದು ಶಾಲಾ ಮಂಡಳಿಯವರು ಹೊರಟರು. ನೆಗಡಿ ಬಂತೆಂದು ಮೂಗನ್ನೇ ಕೊಯ್ಯುವುದು ಎಂದರೆ ಇದು. ಸಲಹೆ ಕೊಡಲು ಊರಿನವರ ಒಂದು ಸಮಿತಿ ಮಾಡಿದರು. ಅದರಲ್ಲಿ ನನ್ನ ಗೆಳತಿಯೂ ಇದ್ದಳು.

ಬೇಸಗೆಯ ಒಂದು ಸಂಜೆ ಶಾಲೆಯ ಹಾಲಿನಲ್ಲಿ ಸಭೆ. ಯಾರು ಬೇಕಾದರೂ ಮೈಕಿನ ಮುಂದೆ ಎರಡು ನಿಮಿಷ ಮಾತಾಡಬಹುದು. ಅವಳು ವೇದಿಕೆಯ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಮೊದಲು ಅವಳೇ ಮಾತಾಡಿದಳು, ಚೆನ್ನಾಗಿ ಮಾತಾಡಿದಳು. ತನ್ನ ಕ್ಲಿನಿಕ್ಕಿಗೆ ಹೊಟ್ಟೆನೋವು ಎಂದು ಬರುವ ಮಕ್ಕಳಿದ್ದಾರೆ, ಹೊಟ್ಟೆಯಲ್ಲಿ ಏನೂ ಇರುವುದಿಲ್ಲ, ನೀನು ಲೆಕ್ಕಕ್ಕೆ ಆಗುವವನಲ್ಲ ಎಂದು ಯಾರೋ ಹೇಳಿರುತ್ತಾರೆ, ಅಷ್ಟು ಚಿಕ್ಕ ವಯಸ್ಸಿಗೆ ಮಕ್ಕಳನ್ನು ಜರಡಿ ಹಿಡಿಯಬಾರದು ಎಂದಳು. ಅದು ಸುಳ್ಳಲ್ಲ. ಅವಳ ಮಗಳೇ ನಮ್ಮ ಟೇಬಲ್ಲಿನಲ್ಲಿ ಕೂತು ಹಾಗೆ ಅತ್ತದ್ದನ್ನು ನಾನು ಕಂಡಿದ್ದೇನೆ.

ನನ್ನ ಸರದಿ ಬಂದಾಗ ನಾನು ಹೇಳಿದ್ದು ಇಷ್ಟು. ಕ್ಲಾಸು ತೆಗೆದರೆ ನನ್ನಂಥವರ ಮಕ್ಕಳಿಗೆ ಏನೂ ಆಗುವುದಿಲ್ಲ. ನಾವು ಟ್ಯೂಷನ್ನಿಗೆ ಕಳಿಸುತ್ತೇವೆ, ಮನೆಯಲ್ಲಿ ಹೇಳಿಕೊಡುತ್ತೇವೆ. ನಷ್ಟವಾಗುವುದು, ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲದ ಆ ಚುರುಕು ಮಗುವಿಗೆ. ಅದಕ್ಕೆ ಈ ಕ್ಲಾಸೇ ಗತಿ. ಜರಡಿ ಕೆಟ್ಟದ್ದಾದರೆ ಜರಡಿ ಸರಿ ಮಾಡಿ, ಇನ್ನಷ್ಟು ಮಕ್ಕಳನ್ನು ಒಳಗೆ ತನ್ನಿ, ಬಾಗಿಲು ಮುಚ್ಚಬೇಡಿ. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಮತ್ತೊಬ್ಬರು ಮೈಕಿಗೆ ಬಂದು, ಅನುಕೂಲಸ್ಥರ ದನಿ ಇಲ್ಲಿ ಯಾವಾಗಲೂ ಜೋರು ಎಂದು ನನ್ನ ಕಡೆ ನೋಡದೆಯೇ ಹೇಳಿದರು. ಚಪ್ಪಾಳೆ ಬಿತ್ತು. ಗೆಳತಿ ಚಪ್ಪಾಳೆ ಹೊಡೆಯಲಿಲ್ಲ. ಅವಳ ಕೈ ಮೇಜಿನ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ನನ್ನ ಕಡೆ ತಿರುಗಲಿಲ್ಲ.

ಸಭೆ ಮುಗಿದಾಗ ಹೊರಗೆ ಇನ್ನೂ ಬೆಳಕಿತ್ತು. ನಾನು ಅವಳ ಕಾರಿನ ಹತ್ತಿರ ಕಾದು ನಿಂತೆ. ನಿಜ ಹೇಳಬೇಕೆಂದರೆ ಖುಷಿಯಲ್ಲೇ ನಿಂತಿದ್ದೆ. ಇಷ್ಟು ಒಳ್ಳೆಯ ಜಗಳ ಬಹಳ ದಿನಗಳಿಂದ ಸಿಕ್ಕಿರಲಿಲ್ಲ. ಅವಳು ಬಂದ ಕೂಡಲೇ ಶುರು ಮಾಡಿದೆ: "ಏನಮ್ಮಾ ಸಮಿತಿ ಮೆಂಬರೇ, ನಿನ್ನ ಮಗಳಿಗೆ ಮಾತ್ರ ನಮ್ಮನೆ ಟೇಬಲ್ಲು, ಊರ ಮಕ್ಕಳಿಗೆ ಏನೂ ಇಲ್ವಾ? ಬಾ, ಉತ್ತರ ಹೇಳು."

ಅವಳು ಕಾರಿನ ಬೀಗದ ಕೈಯನ್ನೇ ನೋಡುತ್ತಿದ್ದಳು. "ನಂಗೆ ಈ ವಿಷಯ ನಿನ್ನ ಜೊತೆ ಮಾತಾಡೋದು ಕಂಫರ್ಟಬಲ್ ಅನ್ಸಲ್ಲ" ಎಂದಳು.

"ಕಂಫರ್ಟಬಲ್ಲಾ? ನಾವು ಯಾವತ್ತೇ ಕಂಫರ್ಟಬಲ್ಲಾಗಿ ಮಾತಾಡಿದ್ದು?"

"ಇಟ್ಸ್ ನಾಟ್ ಹೆಲ್ತಿ ಫಾರ್ ಮಿ. ಸಾರಿ. ನಿನ್ನ ಅಭಿಪ್ರಾಯ ನಿನಗೆ, ಐ ರೆಸ್ಪೆಕ್ಟ್ ದಟ್."

ಮಾತಿನಲ್ಲಿ ಮಂಡ್ಯ ಇರಲಿಲ್ಲ. ಸಿಟ್ಟೂ ಇರಲಿಲ್ಲ. ಅವಳು ನನ್ನ ತೋಳನ್ನು ಒಮ್ಮೆ ಮೆಲ್ಲಗೆ ಮುಟ್ಟಿ, ರೋಗಿಯ ತಾಯಿಯನ್ನು ಸಮಾಧಾನ ಮಾಡುವ ಹಾಗೆ ಮುಟ್ಟಿ, ಕಾರು ಹತ್ತಿ ಹೋದಳು. ಅವಳು ನನ್ನನ್ನು ಬೈದಿದ್ದರೆ, ಮೂರ್ಖಳು ಎಂದಿದ್ದರೆ, ಕೆಟ್ಟವಳು ಎಂದೇ ಅಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಭಿಪ್ರಾಯವನ್ನು ಗೌರವಿಸುತ್ತೇನೆ ಎಂದು ಹೇಳಿ ಕೈ ತೊಳೆದುಕೊಂಡಳು. ಪಾರ್ಕಿಂಗಿನಲ್ಲೇ ನನಗೆ ಅಳು ಬಂತು.

ಕ್ಲಾಸು ಹೋಯಿತು. ಆ ಸಂಕ್ರಾಂತಿಗೆ ನಾನು ಎಂದಿನಂತೆ ಕೊಬ್ಬರಿ ತಂದು, ಕಪ್ಪು ಸಿಪ್ಪೆ ಹೆರೆದು, ಕತ್ತರಿಸಿ ಒಣಗಿಸಿದೆ. ಹಬ್ಬಕ್ಕೆ ಎರಡು ದಿನ ಇರುವಾಗ ಅವಳ ಮೆಸೇಜು ಬಂತು: ಈ ಸಲ ಕೆಲಸ ಬಹಳ, ಹಬ್ಬ ಸರಳವಾಗಿ ಮಾಡುತ್ತಿದ್ದೇವೆ, ನಿಮಗೆಲ್ಲ ಶುಭಾಶಯ. ಕೆಳಗೆ ಕೈ ಮುಗಿದ ಚಿತ್ರ. ಕತ್ತರಿಸಿದ ಕೊಬ್ಬರಿಯನ್ನು ಯುಗಾದಿಯ ತನಕ ಪಲ್ಯಕ್ಕೂ ಚಟ್ನಿಪುಡಿಗೂ ಹಾಕಿ ಮುಗಿಸಿದೆವು.

ಆಮೇಲೆ ಅವರು ಮನೆಮಂದಿಯೆಲ್ಲ ಲಾಸ್ ಆಲ್ಟೋಸ್ ಎಂಬ ಅನುಕೂಲಸ್ಥರ ಊರಿಗೆ ಮನೆ ಬದಲಿಸಿದರು. ಗೃಹಪ್ರವೇಶಕ್ಕೆ ಕರೆದಿದ್ದಳು, ಹೋಗಿದ್ದೆ. ದೊಡ್ಡ ದೊಡ್ಡ ಮರಗಳ ನಿಶ್ಶಬ್ದ ಬೀದಿ. ಅಂಗಳದ ಹುಲ್ಲಿನಲ್ಲಿ ಒಂದು ಬೋರ್ಡು ನೆಟ್ಟಿದ್ದರು: ಇಲ್ಲಿ ಎಲ್ಲರಿಗೂ ಸ್ವಾಗತ. ಅದೇ ಬೀದಿಯ ಮನೆಮನೆಯ ಮುಂದೆಯೂ ಅದೇ ಬೋರ್ಡು, ಪಕ್ಕದಲ್ಲಿ ಇನ್ನೊಂದು: ನಮ್ಮ ಬೀದಿಯಲ್ಲಿ ಅಪಾರ್ಟ್‌ಮೆಂಟು ಬೇಡ. ಕಡಿಮೆ ಸಂಬಳದವರಿಗೆ ಅಂಥ ಕಡೆ ಜಾಗ ಸಿಕ್ಕೀತೆಂದರೆ ಅಪಾರ್ಟ್‌ಮೆಂಟಿನಲ್ಲೇ. ಆದರೂ ಎರಡೂ ಬೋರ್ಡುಗಳು ಒಂದರ ಪಕ್ಕ ಒಂದು ಸುಖವಾಗಿ ನಿಂತಿದ್ದವು. ಅವಳ ಅಂಗಳದಲ್ಲಿ ಎರಡನೆಯದು ಇರಲಿಲ್ಲ, ಅದನ್ನು ಹೇಳದಿದ್ದರೆ ಅನ್ಯಾಯ. "ಎಲ್ಲರಿಗೂ ಸ್ವಾಗತ ಅಂತ ಹಾಕಿದೀಯಲ್ಲ, ನಂಗೂನಾ?" ಎಂದು ಕೇಳಿದೆ. ಹಳೆಯ ಕಾಲದಲ್ಲಾಗಿದ್ದರೆ, "ನಿಂಗಲ್ಲ, ನಿನ್ ಗಂಡಂಗೆ" ಎನ್ನುತ್ತಿದ್ದಳು. "ಆಫ್ ಕೋರ್ಸ್" ಎಂದು ನಕ್ಕು ಹೋಳಿಗೆ ಬಡಿಸಿದಳು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಒಮ್ಮೆ ಅವಳ ಬಗ್ಗೆ ಯಜಮಾನರ ಹತ್ತಿರ ಸಿಟ್ಟಿನಿಂದ ಅಂದೆ. ಅವರು ಒಪ್ಪಲಿಲ್ಲ. ಲಾಸ್ ಆಲ್ಟೋಸ್‌ನಿಂದ ಇಷ್ಟು ದೂರ ಬಂದು ಇವತ್ತಿಗೂ ಈಸ್ಟ್ ಸ್ಯಾನ್ ಹೋಸೆಯ ಬಡವರ ಮಕ್ಕಳನ್ನೇ ನೋಡುತ್ತಾಳೆ, ಹತ್ತಿರದಲ್ಲಿ ಶ್ರೀಮಂತರ ಆಸ್ಪತ್ರೆ ಇದ್ದರೂ ಹೋಗಿಲ್ಲ, ಅವಳು ಮಾತಿನ ಡಾಕ್ಟರಲ್ಲ ಎಂದರು. ಅದೂ ನಿಜ. ಅದಕ್ಕೇ ನನಗೆ ಇಷ್ಟು ನೋವು. ಸೋಗಿನವಳಾಗಿದ್ದರೆ ಬಿಟ್ಟು ಹಾಯಾಗಿರುತ್ತಿದ್ದೆ.

ಈ ಜನವರಿಯಲ್ಲಿ, ಸಂಕ್ರಾಂತಿಯ ಹಿಂದಿನ ದಿನ, ಎವರ್‌ಗ್ರೀನ್‌ನ ನಮ್ಮ ಗ್ರೋಸರಿ ಅಂಗಡಿಗೆ ಹೋಗಿದ್ದೆ. ನಾನೂ ಕೊಬ್ಬರಿ ಕತ್ತರಿಸುವುದನ್ನು ಬಿಟ್ಟಿದ್ದೇನೆ. ಬೆರೆಸಿದ ಎಳ್ಳಿನ ಪ್ಯಾಕೆಟ್ಟು ಕೈಗೆ ತೆಗೆದುಕೊಂಡು ತಿರುಗಿದರೆ ಅವಳು ನಿಂತಿದ್ದಳು. ಕ್ಲಿನಿಕ್ಕಿನಿಂದ ಬಂದಿದ್ದಳು, ಕೊರಳಲ್ಲಿ ಇನ್ನೂ ಬ್ಯಾಡ್ಜು. ಅವಳ ಬುಟ್ಟಿಯಲ್ಲೂ ಅದೇ ಪ್ಯಾಕೆಟ್ಟು.

ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿಕೊಂಡೆವು. ಅವಳೇ ಮೊದಲು ನಕ್ಕಳು. "ಈಗ ಯಾರು ಕತ್ತರಿಸ್ತಾರೆ ಅಲ್ವಾ?" ಎಂದಳು. "ಹೌದು, ಕೈ ನೋವು" ಎಂದೆ.

ನನ್ನ ಹತ್ತಿರ ಜಗಳ ಸಿದ್ಧವಿತ್ತು. ಎಷ್ಟೋ ತಂದೆ ತಾಯಿಯರ ಗಲಾಟೆ ತಾಳಲಾರದೆ ಮಂಡಳಿಯವರು ಆ ಗಣಿತದ ಕ್ಲಾಸನ್ನು ವಾಪಸ್ಸು ತಂದಿದ್ದರು. ನಾನು ಗೆದ್ದಿದ್ದೆ. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳ ಹತ್ತಿರವೂ ಇತ್ತು, ನನಗೆ ಗೊತ್ತು. ನನ್ನ ಕಡೆಯವರು ಈಗ ಅಧಿಕಾರದಲ್ಲಿದ್ದಾರೆ. ಅವರಲ್ಲಿ ಕೆಲವರು ನಮ್ಮ ಬಣ್ಣದವರ ಬಗ್ಗೆ, ನಮ್ಮ ಹುಡುಗರ ವೀಸಾ ಬಗ್ಗೆ ಆಡುವ ಮಾತು ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಅವಳ ಕ್ಲಿನಿಕ್ಕಿಗೆ ಮಕ್ಕಳನ್ನು ಕರೆತರಲು, ಎಲ್ಲಿ ಹಿಡಿದು ದೇಶ ಬಿಡಿಸುತ್ತಾರೋ ಎಂದು ಎಷ್ಟೋ ವಲಸಿಗ ತಾಯಂದಿರು ಹೆದರುತ್ತಿದ್ದಾರೆ ಎಂದು ಬೇರೆಯವರಿಂದ ಕೇಳಿದ್ದೆ. ಅವಳು ಕೇಳಬಹುದಿತ್ತು: ಏನವ್ವ, ಅಂದಿದ್ನಲ್ಲ, ಈಗೇನಂತೀಯಾ? ಕೇಳಲಿ ಎಂದು ನಾನು ಕಾದೆ. ನಾನು ಸೋಲುತ್ತಿದ್ದೆ, ಆದರೂ ಅವಳು ಕೇಳಿದ್ದರೆ ಅಲ್ಲೇ ತಬ್ಬಿಕೊಳ್ಳುತ್ತಿದ್ದೆ.

ಅವಳು ಯಜಮಾನರ ಮಂಡಿನೋವು ಹೇಗಿದೆ ಎಂದು ಕೇಳಿದಳು. ನಾನು ಅವಳ ಚಿಕ್ಕ ಮಗಳ ಕೆಲಸದ ಬಗ್ಗೆ ಕೇಳಿದೆ. ಆ ಹುಡುಗಿ ಈಗ ಅಂಕಿ ಅಂಶಗಳ ಕೆಲಸದಲ್ಲೇ ಇದ್ದಾಳಂತೆ. "ಆಂಟಿನ ಕೇಳ್ತಿರ್ತಾಳೆ" ಎಂದಳು.

ಹಣ ಕೊಟ್ಟು ಹೊರಗೆ ಬಂದೆವು. ಅವಳ ಕಾರು ಬಾಗಿಲ ಹತ್ತಿರವೇ ಇತ್ತು, ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದ್ದಳು. ಹಿಂದಿನ ಗಾಜಿನ ಕೆಳಗೆ ಏನೂ ಇರಲಿಲ್ಲ. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳೆಂದು ಕಾಣುತ್ತದೆ. ಬ್ಯಾಗಿಗೆ ಕೈ ಹಾಕಿ ಪ್ಯಾಕೆಟ್ಟು ತೆಗೆದು, ಹಲ್ಲಿನಿಂದ ಮೂಲೆ ಹರಿದಳು. "ಕೈ ಕೊಡು, ನಾಳೆ ಸಿಗಲ್ವಲ್ಲ" ಎಂದಳು. ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು.

ನನಗೆ ಆಗ ಅವಳ ಕಾನೂನು ನೆನಪಾಯಿತು. ಎಳ್ಳು ತಿಂದ ಬಾಯಲ್ಲಿ ಜಗಳವಿಲ್ಲ, ಏನೇ ಇದ್ದರೂ ಮೊದಲೇ ಮುಗಿಸಿಕೊಳ್ಳಬೇಕು. ನಮ್ಮದು ಇಷ್ಟು ವರ್ಷದ್ದು ಬಾಕಿ ಇತ್ತು, ಒಂದೂ ಮುಗಿದಿರಲಿಲ್ಲ. ಅವಳ ಮುಂಗೈ ಹಿಡಿದು "ತಡಿ" ಎನ್ನಬೇಕು ಎಂದುಕೊಂಡೆ. ಅಷ್ಟು ಪ್ರೀತಿಯಿಂದ ಕೊಡುತ್ತಿದ್ದಾಳೆ, ಬೇಡವೆಂದರೆ ನೊಂದುಕೊಂಡಾಳು ಎಂದು ಹೆದರಿಕೆಯಾಯಿತು. ಅವಳಂತೆ ನನಗೂ ಹೆದರಿಕೆಯಾಯಿತು. ಕೈ ಒಡ್ಡಿದೆ. ಒಂದೇ ಅಳತೆಯ ಬೆಲ್ಲ, ಒಂದೇ ಅಳತೆಯ ಕೊಬ್ಬರಿ ಅಂಗೈಗೆ ಬಿದ್ದವು.

ತಿಂದೆವು. ಆಮೇಲೆ ಇಬ್ಬರೂ ಒಳ್ಳೆಯ ಮಾತನ್ನೇ ಆಡಿದೆವು.